ಕಾಯುವ ಲೋಕ

ಕಥೆಯಲ್ಲಿ ಮೈಮರೆಯುವುದು ಹೊಸ ದೋಷವೇನೂ ಅಲ್ಲ. ಗದುಗಿನ ಭಾರತದ ವಾಚನ ನಡೆಯುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕಿಹೋದ ಮನೆಗಳು ಎಷ್ಟಿಲ್ಲ? ಅಭಿನವಗುಪ್ತಪಾದರು ಸಹೃದಯನಿಗೆ ತನ್ಮಯೀಭವನದ ಯೋಗ್ಯತೆಯಿರಬೇಕೆಂದು ವಿಧಿಸಿದರಲ್ಲದೆ, ಹಾಲಿನ ವಿಚಾರವನ್ನು ಎತ್ತಲಿಲ್ಲ. ಆದರೆ ಎಷ್ಟೇ ತನ್ಮಯನಾದರೂ ಪ್ರೇಕ್ಷಕನು ರಂಗದ ಮೇಲಕ್ಕೆ ಓಡಿ ದುಷ್ಯಂತನ ಕೈಹಿಡಿದು, “ಸ್ವಾಮಿ, ಈಕೆ ನಿಮ್ಮ ಧರ್ಮಪತ್ನಿ” ಎನ್ನುವಂತಿಲ್ಲ. ಆ ನಿರುಪಾಯತೆಯಲ್ಲಿಯೇ ರಸದ ಬಹುಭಾಗ ಅಡಗಿದೆ. ಈ ಕಾಲದ ವಿಡಿಯೋ ಗೇಮುಗಳಲ್ಲಿ ಒಂದು ಜಾತಿಯುಂಟು. ಅಲ್ಲಿ ಪ್ರೇಕ್ಷಕನೇ ರಂಗವನ್ನೇರಬೇಕು. ಅವನು ಏರದಿದ್ದರೆ ನಾಟಕ ಮುಂದೆ ಸಾಗದು.

ಮೈಸೂರಿನಲ್ಲಿ ಖಜಾನೆಯ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು ಈ ರಂಗವನ್ನೇರಿದ್ದು ತಮ್ಮ ಎಪ್ಪತ್ತೊಂದನೆಯ ವಯಸ್ಸಿನಲ್ಲಿ. ಅವರನ್ನು ರಾಯರು ಎಂದರೆ ಸಾಕು. 2023ರ ಕಾರ್ತಿಕದಲ್ಲಿ ಅವರ ಪತ್ನಿ ತೀರಿಕೊಂಡರು. ಮರುವರ್ಷ ಮೊಮ್ಮಗನು ಓದಿಗಾಗಿ ಪರಸ್ಥಳಕ್ಕೆ ಹೊರಟಾಗ ತನ್ನ ಹಳೆಯ ಕಂಪ್ಯೂಟರನ್ನು ತಾತನ ಕೋಣೆಯಲ್ಲಿ ಬಿಟ್ಟು, ಅದರಲ್ಲಿದ್ದ ಒಂದು ಆಟವನ್ನು ಎರಡು ಸಂಜೆ ಕುಳಿತು ಕಲಿಸಿಹೋದ. ರಾಯರ ಬೆರಳುಗಳು ಕಚೇರಿಯ ಟೈಪ್‌ರೈಟರಿನಲ್ಲಿ ಪಳಗಿದವು. ನಡೆಯುವುದಕ್ಕೆ ಬೇಕಾದ ನಾಲ್ಕು ಕೀಲಿಗಳು ಎಡಗೈಗೆ ಬೇಗನೆ ವಶವಾದವು.

ಆಟದ ಹೆಸರು ಸ್ಕೈರಿಂ. ಅಮೆರಿಕದ ಬೆಥೆಸ್ಡಾ ಗೇಮ್ ಸ್ಟುಡಿಯೋಸ್ ಎಂಬ ಸಂಸ್ಥೆಯವರು ರಚಿಸಿ 2011ರ ನವೆಂಬರ್ 11ರಂದು ಹೊರಬಂದದ್ದು. 1994ರಲ್ಲಿ ಮೊದಲಾದ ‘ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ಐದನೆಯ ಆಟ. ಬಂದಿಯೊಬ್ಬನನ್ನು ಕೈಕಟ್ಟಿ ಗಾಡಿಯಲ್ಲಿ ಶಿರಚ್ಛೇದಕ್ಕೆ ಒಯ್ಯುವಲ್ಲಿಂದ ಕಥೆ ಮೊದಲಾಗುತ್ತದೆ. ಬಂದಿಯ ತಲೆ ಕೊಡಲಿಯ ಕೆಳಗಿರುವಾಗಲೇ ಕರಿಯ ಡ್ರಾಗನೊಂದು, ಎಂದರೆ ರೆಕ್ಕೆಯುಳ್ಳ ಮಹೋರಗವೊಂದು, ಬಂದು ಊರನ್ನು ಸುಡುತ್ತದೆ. ಆ ಗೊಂದಲದಲ್ಲಿ ಬಂದಿ ಪಾರಾಗುತ್ತಾನೆ. ಲೋಕವನ್ನು ನುಂಗಲು ಬಂದ ಆ ಉರಗವನ್ನು ವಧಿಸತಕ್ಕವನೂ ಅವನೇ. ಮುಂದಿನದೆಲ್ಲ ಆಡುವವನ ಇಚ್ಛೆ. ಹಿಮದ ಬೆಟ್ಟ, ಕಾಡು, ಹೊಳೆ, ಪಾಳುಗುಡಿ, ಪೇಟೆ, ಯಾವುದಕ್ಕೂ ತಡೆಯಿಲ್ಲ; ಕಣ್ಣಿಗೆ ಕಂಡ ಶಿಖರದ ಕಡೆಗೆ ನಡೆದುಕೊಂಡು ಹೋಗಬಹುದು.

ರಾಯರು ಉರಗವಧೆಗೆ ಹೊರಡಲಿಲ್ಲ. ಹೂ ಬಿಡಿಸಿದರು. ಚಿಟ್ಟೆ ಹಿಡಿದರು, ಅಲ್ಲಿ ಔಷಧಕ್ಕೆ ಅದೂ ಬೇಕಂತೆ. ಆ ಲೋಕದ ಕಪಾಟುಗಳಲ್ಲಿ ನಿಜವಾಗಿ ಓದಬಹುದಾದ ನೂರಾರು ಪುಸ್ತಕಗಳಿವೆ. ಕಳ್ಳರ ಗುಹೆಯಲ್ಲಿ ನಿಂತುಕೊಂಡೇ ಅವನ್ನು ಓದಿದರು. ಹದಿನೆಂಟು ವಿದ್ಯೆಗಳಿಗೆ ತಲಾ ಐದರಂತೆ ತೊಂಬತ್ತು ಪುಸ್ತಕಗಳು ಎಂಥವೆಂದರೆ, ತೆರೆದೊಡನೆ ಆ ವಿದ್ಯೆ ಒಂದು ಮೆಟ್ಟಿಲು ಏರುತ್ತದೆ. (ಈ ಸೌಕರ್ಯ ಲೋಕದ ಪಾಠಶಾಲೆಗಳಿಗೆ ಇನ್ನೂ ಬಂದಿಲ್ಲ.) ರಾತ್ರಿಯ ಆಕಾಶದಲ್ಲಿ ಎರಡು ಚಂದ್ರಬಿಂಬಗಳನ್ನು ಕಂಡು ಮೊಮ್ಮಗನಿಗೆ ಫೋನು ಮಾಡಿ, “ಇಲ್ಲಿ ಏಕಾದಶಿಯನ್ನು ಯಾವ ಚಂದ್ರನಿಂದ ಎಣಿಸಬೇಕಪ್ಪಾ?” ಎಂದು ಕೇಳಿದರು. ಪತ್ನಿ ಹೋದ ಮೇಲೆ ಅವರು ನಗುತ್ತ ಆಡಿದ ಮೊದಲನೆಯ ಮಾತು ಅದು. ಸೊಸೆ ಅಡಿಗೆಮನೆಯಿಂದ ಕೇಳಿಸಿಕೊಂಡಳು. ಆ ದಿನದಿಂದ ಆಟದ ಮೇಲೆ ದೂರು ಹೇಳುವುದನ್ನು ಬಿಟ್ಟಳು.

ದೂರಿಗೆ ಕಾರಣವಿಲ್ಲದಿರಲಿಲ್ಲ. ಆ ಲೋಕದಲ್ಲಿ ಕಾಲ ಇಪ್ಪತ್ತು ಪಟ್ಟು ವೇಗ. ಇಲ್ಲಿಯ 72 ನಿಮಿಷಕ್ಕೆ ಅಲ್ಲಿ ಒಂದು ಅಹೋರಾತ್ರಿ. ಯೋಗವಾಸಿಷ್ಠದ ಲವಣರಾಜನು ಸಿಂಹಾಸನದ ಮೇಲೆ ಕುಳಿತಂತೆಯೇ ಐಂದ್ರಜಾಲಿಕನ ಮಾಯೆಯಿಂದ ಅನೇಕ ಸಂವತ್ಸರಗಳ ಸಂಸಾರವನ್ನು ಕಂಡು ಎಚ್ಚತ್ತಾಗ ಸಭೆ ಇನ್ನೂ ಹಾಗೆಯೇ ನೆರೆದಿತ್ತು. ರಾಯರಿಗೆ ಆ ಅನುಕೂಲವಿರಲಿಲ್ಲ. ಅವರು ತಲೆಯೆತ್ತುವಾಗ ಕಾಫಿ ಆರಿರುತ್ತಿತ್ತು, ದೀಪ ಹಚ್ಚುವ ಹೊತ್ತು ಮೀರಿರುತ್ತಿತ್ತು, ಮಗಳ ಮೂರು ಕರೆಗಳು ಮೊಬೈಲಿನಲ್ಲಿ ಉತ್ತರವಿಲ್ಲದೆ ಉಳಿದಿರುತ್ತಿದ್ದುವು.

ಆದರೆ ಅವರನ್ನು ಕಟ್ಟಿಹಾಕಿದ್ದು ಕಾಲದ ವೇಗವಲ್ಲ. ದಿನಗಳು ಎಷ್ಟೇ ಉರುಳಿದರೂ ಆ ಲೋಕವು ಆಡುವವನಿಗಾಗಿ ಕಾಯುತ್ತದೆ. ಸರ್ವನಾಶ ಸನ್ನಿಹಿತವಾಯಿತೆಂದು ಎಲ್ಲರೂ ಕೂಗುತ್ತಾರೆ. ಆದರೆ ಅವನು ನೂರು ದಿನ ಚಿಟ್ಟೆ ಹಿಡಿಯುತ್ತಿದ್ದರೂ ಉರಗವು ಲೋಕವನ್ನು ನುಂಗುವುದಿಲ್ಲ. ಅಲ್ಲಿ ಐವರ್‌ಸ್ಟೆಡ್ ಎಂಬ ಹಳ್ಳಿಯಿದೆ. ಅದರ ಬಳಿಯಿಂದ ಹೈ ಹ್ರೋತ್‌ಗಾರ್ ಎಂಬ ಮಠಕ್ಕೆ ಏಳು ಸಾವಿರ ಮೆಟ್ಟಿಲೆಂದು ಜನ ಹೇಳುತ್ತಾರೆ. ಎಣಿಸಿದರೆ ಅಷ್ಟು ಸಿಕ್ಕುವುದಿಲ್ಲ, ಸ್ಥಳಪುರಾಣಗಳ ಲೆಕ್ಕವೇ ಹಾಗೆ. ಆ ಹಳ್ಳಿಯ ಕ್ಲಿಮ್ಮೆಕ್ ಎಂಬವನು ಮೇಲಿನ ಮುನಿಗಳಿಗೆ ಆಹಾರಸಾಮಗ್ರಿ ಒಯ್ಯುವವನು. ಈಗ ಕಾಲು ಮೊದಲಿನಂತಿಲ್ಲವೆಂದು ಹೇಳಿ, ಆ ಚೀಲವನ್ನು ದಾರಿಹೋಕನ ಕೈಗೆ ಕೊಟ್ಟು, ಮೇಲೆ ತಲುಪಿಸುವಂತೆ ಬೇಡುತ್ತಾನೆ. ರಾಯರು ಚೀಲವನ್ನು ತೆಗೆದುಕೊಂಡರು. ತೆಗೆದುಕೊಂಡು ಬೇರೆ ದಾರಿ ಹಿಡಿದರು.

ರಾಯರ ಪತ್ನಿಗೂ ಮೆಟ್ಟಿಲುಗಳ ಒಂದು ಹರಕೆಯಿತ್ತು. ಮೊಮ್ಮಗನು ಐದು ವರ್ಷದವನಾಗಿದ್ದಾಗ ವಿಷಮಶೀತ ಜ್ವರದಲ್ಲಿ ಮಲಗಿದ್ದ. ಗುಣವಾದರೆ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳಿಗೂ ಅರಿಶಿನ ಕುಂಕುಮ ಇಟ್ಟು ಹತ್ತುವೆನೆಂದು ಹಳದಿ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಗೂಡಿನಲ್ಲಿಟ್ಟಿದ್ದರು. ಹುಡುಗ ಗುಣವಾದ. ಒಬ್ಬರೇ ಹತ್ತುವುದು ಆಕೆಗೆ ಇಷ್ಟವಿರಲಿಲ್ಲ. ಪ್ರತಿ ಆಷಾಢದಲ್ಲಿಯೂ ನೆನಪಿಸುವರು, ಪ್ರತಿ ಆಷಾಢದಲ್ಲಿಯೂ ರಾಯರು, “ಬೆಟ್ಟವೇನು ಎದ್ದು ಹೋಗುತ್ತದೆಯೆ? ಮುಂದಿನ ವರ್ಷ ನೋಡೋಣ” ಎನ್ನುವರು. ಹೀಗೆ ಹದಿಮೂರು ವರ್ಷ. ಲೆಕ್ಕಪತ್ರದಲ್ಲಿ ಒಂದು ದಿನದ ಬಾಕಿಯನ್ನೂ ಸಹಿಸದವರೆಂದು ಅವರಿಗೆ ಕಚೇರಿಯಲ್ಲಿ ಹೆಸರಿತ್ತು.

ರಜೆಗೆ ಬಂದ ಮೊಮ್ಮಗ ಆಟವನ್ನು ತೆರೆದು ನೋಡಿದ. ಆಡಿದ ಹೊತ್ತು 412 ಗಂಟೆಯೆಂದು ಯಂತ್ರ ತೋರಿಸಿತು. ಉಳಿದ ಕಾರ್ಯಗಳ ಪಟ್ಟಿಯನ್ನು ತೆಗೆದು, “ಏನು ತಾತ, ಈ ಕ್ಲಿಮ್ಮೆಕ್‌ನ ಚೀಲ ಇನ್ನೂ ನಿಮ್ಮ ಹತ್ತಿರವೇ ಇದೆಯಲ್ಲ!” ಎಂದು ನಕ್ಕ.

“ಇರಲಿ ಬಿಡು. ಅವನೇನು ಎದ್ದು ಹೋಗುತ್ತಾನೆಯೆ?” ಎಂದರು ರಾಯರು.

ಹುಡುಗನಿಗೆ ಆ ಮಾತಿನಲ್ಲಿ ವಿಶೇಷವೇನೂ ಕಾಣಲಿಲ್ಲ. ಬಾಗಿಲಲ್ಲಿ ನಿಂತಿದ್ದ ಸೊಸೆಗೆ ಕಂಡಿತು. ರಾಯರು ಎದ್ದು ಕೈತೊಳೆದು ದೇವರ ಮನೆಗೆ ಹೋದರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಮೂರನೆಯ ದಿನ, ಆಷಾಢವೂ ಅಲ್ಲ, ಶುಕ್ರವಾರವೂ ಅಲ್ಲ, ಬೆಳಗಿನ ಜಾವಕ್ಕೆ ತಾತ ಮೊಮ್ಮಗ ಇಬ್ಬರೂ ಬೆಟ್ಟದ ಪಾದದಲ್ಲಿದ್ದರು. ಮೊದಲನೆಯ ಮೆಟ್ಟಿಲಿಗೆ ರಾಯರೇ ಬಾಗಿ ಅರಿಶಿನ ಕುಂಕುಮ ಇಟ್ಟರು. ಮೂವತ್ತರವರೆಗೆ ಹೇಗೋ ನಡೆಯಿತು. ಆಮೇಲೆ ಮಂಡಿ ಒಪ್ಪಲಿಲ್ಲ. ಪಕ್ಕದ ಕಲ್ಲಿನ ಮೇಲೆ ಕುಳಿತು, ಮುಡಿಪಿನ ಗಂಟನ್ನೂ ಎರಡು ಬಟ್ಟಲುಗಳನ್ನೂ ಹುಡುಗನ ಕೈಗೆ ಕೊಟ್ಟರು.

“ನಿಮ್ಮ ಅಜ್ಜಿಯದು. ಮೇಲೆ ತಲುಪಿಸಿಬಿಡು.”

ಹುಡುಗ ಗಟ್ಟಿಯಾಗಿ ಎಣಿಸುತ್ತ ಹತ್ತಿದ. ನೂರ ಹತ್ತರವರೆಗೆ ಕೇಳಿಸಿತು. ಅಲ್ಲಿಂದ ಮುಂದೆ ಹಕ್ಕಿಗಳ ದನಿ ಮಾತ್ರ. ಇಳಿದು ಬರುವವರು ಕೆಲವರು, “ಏನಾದರೂ ಬೇಕೆ ಸ್ವಾಮಿ?” ಎಂದು ಕೇಳಿ ಹೋದರು. ಬಿಸಿಲು ಕಲ್ಲಿನ ಮೇಲಕ್ಕೆ ಬಂದು ಬಹಳ ಹೊತ್ತಾದ ಮೇಲೆ ಮೊಬೈಲು ಬಡಿದುಕೊಂಡಿತು. ರಾಯರು ಮೊದಲನೆಯ ಗಂಟೆಗೇ ಎತ್ತಿದರು.

“ತಾತ, ಕುಂಕುಮ ಸಾಲಲಿಲ್ಲ. ಕೊನೆಯ ನಲವತ್ತು ಮೆಟ್ಟಿಲಿಗೆ ಬರಿಯ ಅರಿಶಿನ ಇಟ್ಟಿದ್ದೇನೆ. ಕೆಳಗೆ ಬಂದು ತೆಗೆದುಕೊಂಡು ಹೋಗಲೆ?”

“ಬೇಡ ಮಗು. ಅಲ್ಲಿಯೇ ಅಂಗಡಿಯಲ್ಲಿ ಸಿಕ್ಕುತ್ತದೆ, ಕೊಂಡು ಇಟ್ಟುಬಿಡು. ಈಗಲೇ ಇಡು. ನಾನು ಇಲ್ಲಿಯೇ ಇರುತ್ತೇನೆ.”