ಅಜ್ಜಿಯ ಕೋಳಿಗೆ ಕಾನ್ ಬಹುಮಾನ

ತನ್ನ ಕೋಳಿ ಕೂಗದಿದ್ದರೆ ಬೆಳಗಾಗದೆಂದು ಜಂಬಪಟ್ಟು, ಅದನ್ನೆತ್ತಿಕೊಂಡು ಊರು ಬಿಟ್ಟ ಅಜ್ಜಿಯ ಕಥೆ ಕೇಳದ ಕನ್ನಡಿಗರು ವಿರಳ. ಆ ಅಜ್ಜಿ 2024ರ ಮೇ ತಿಂಗಳಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೇ ಹೋಗಿಬಂದಳು! ಮೈಸೂರಿನ ಚಿದಾನಂದ ಎಸ್. ನಾಯಕ್ ವೈದ್ಯಕೀಯ ಓದಿ, ಬಳಿಕ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಈ ಕಥೆಯನ್ನಾಧರಿಸಿದ ಅವರ ಕಿರುಚಿತ್ರ ‘ಸನ್‌ಫ್ಲವರ್ಸ್ ವರ್ ದ ಫಸ್ಟ್ ಒನ್ಸ್ ಟು ನೋ’. ವಿದ್ಯಾರ್ಥಿಗಳಿಗೆಂದೇ ಇರುವ ‘ಲಾ ಸಿನೆಫ್’ ವಿಭಾಗಕ್ಕೆ 555 ಶಾಲೆಗಳಿಂದ 2,263 ಚಿತ್ರಗಳು ಬಂದಿದ್ದವು. ಸ್ಪರ್ಧೆಗೆ ಆಯ್ದದ್ದು 18. ಮೊದಲ ಬಹುಮಾನ ಇದಕ್ಕೆ, 15,000 ಯೂರೋ. ನಮ್ಮ ಕಥೆಯಲ್ಲಿ ಬೆಳಗಾಗಿಯೇ ಆಗುತ್ತದೆ. ನಾಯಕರ ಚಿತ್ರದಲ್ಲಿ ಊರಿಗೇ ಕತ್ತಲು ಕವಿಯುತ್ತದೆ. ಈ ತಿರುವು ನಮಗೆ ಬಹಳ ಹಿಡಿಸಿತು.

ಮಣಿಕೊಂಡದ ನಮ್ಮ ಮೊಮ್ಮಗಳಿಗೆ ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವಾಗ ತೆಲುಗು. ಕನ್ನಡವೇನಿದ್ದರೂ ಊಟದ ಹೊತ್ತಿಗೆ. ಸುದ್ದಿ ಬಂದ ರಾತ್ರಿ ಅವಳಿಗೆ ಕಥೆ ಹೇಳಲು ಕುಳಿತೆವು. ಹತ್ತನೇ ಅಂತಸ್ತಿನಲ್ಲಿ ಹುಟ್ಟಿ ಬೆಳೆದ ಕೂಸು, ಕೋಳಿಯ ಕೂಗನ್ನೇ ಕೇಳಿಲ್ಲ! ನಾವೇ ಕೂಗಿ ತೋರಿಸಿದೆವು. (ಪಕ್ಕದ ಮನೆಯವರು ಬಾಗಿಲು ತೆರೆದು ನೋಡಿದರೆನ್ನಿ.)

“ಬಹುಮಾನ ಕೊಟ್ಟೋರಿಗೆ ಕನ್ನಡ ಬರ್ತಿತ್ತಾ ತಾತ?”

“ಇಲ್ಲಮ್ಮ, ಪರದೆಯ ಕೆಳಗಿನ ಅಕ್ಷರ ಓದಿ ಮೆಚ್ಚಿದರು.”

“ಹಾಗಾದ್ರೆ ನಾನೂ ಅದನ್ನೇ ಓದ್ಕೋತೀನಿ ಬಿಡು.”

ಅಂದಿನಿಂದ ದಿನಕ್ಕೊಂದು ಕಥೆ ಹೇಳುತ್ತಿದ್ದೇವೆ, ದೀಪ ಆರಿಸಿ.