ಬೆಳ್ಳಾರೆಯ ಅಟ್ಟದಲ್ಲಿ ಆಕಾಶನೌಕೆಗಳು!

ಪುತ್ತೂರಿನಲ್ಲಿ ಬೆಳ್ಳಾರೆಯ ಬಸ್ಸು ಹತ್ತಿದಾಗ ಜೋರು ಮಳೆ. ಕಿಟಕಿಯ ಟಾರ್ಪಾಲು ಇಳಿಸಿ ಕೂತರೆ ಒಳಗೆ ಫಸ್ಟ್ ಶೋ ಶುರುವಾಗುವ ಮೊದಲಿನ ಕತ್ತಲೆ. ನನ್ನ ಕೈಯಲ್ಲಿದ್ದ ಸಿನಿಮಾ ಪತ್ರಿಕೆಯ ಮೇಲೆ ಕಣ್ಣಿಟ್ಟಿದ್ದ ಪಕ್ಕದ ಸೀಟಿನ ಹುಡುಗ ಮೆಲ್ಲಗೆ ಕೇಳಿದ:

“ಶೂಟಿಂಗಿಗೆ ಹೋಗುವುದಾ ಸಾರ್?”

“ಅಲ್ಲಪ್ಪ, ಬೆಳ್ಳಾರೆಗೆ. ಆಕಾಶನೌಕೆ ನೋಡಲಿಕ್ಕೆ.”

ಹುಡುಗ ಮುಖ ತಿರುಗಿಸಿಕೊಂಡ. ಕುಂಬ್ರ ದಾಟುವವರೆಗೂ ನನ್ನ ಕಡೆ ನೋಡಲಿಲ್ಲ. ಯಾವುದೋ ಪಿರ್ಕಿ ಅಂದುಕೊಂಡಿರಬೇಕು, ಪಾಪ!

ಆದರೆ ಮಿತ್ರರೇ, ನಾನು ಹೇಳಿದ್ದು ಸುಳ್ಳಲ್ಲ. ಇತಿಹಾಸ ಓದಿದವರಿಗೆ ಬೆಳ್ಳಾರೆ ಎಂದರೆ 1837ರ ಅಮರ ಸುಳ್ಯದ ದಂಗೆ. ಕೆದಂಬಾಡಿ ರಾಮಯ್ಯ ಗೌಡರ ಕಡೆಯವರು ಕುಂಪಣಿ ಸರಕಾರದ ಖಜಾನೆಯನ್ನು ವಶಪಡಿಸಿಕೊಂಡ ಊರು. ದೇವರ ಭಕ್ತರಿಗೆ ಪೆರುವಾಜೆಯ ಜಲದುರ್ಗೆಯ ಹತ್ತಿರದ ಪೇಟೆ. ನನಗೆ ಮಾತ್ರ ಬೆಳ್ಳಾರೆ ಎಂದರೆ ಪೇಟೆಯಿಂದ ಅರ್ಧ ಗಂಟೆ ನಡೆದರೆ ಸಿಗುವ ಒಂದು ಹಳೇ ಮನೆ, ಆ ಮನೆಯ ಅಡಿಕೆ ಅಟ್ಟ, ಆ ಅಟ್ಟದಲ್ಲಿರುವ ನನ್ನ ಸೋದರಮಾವನ ಮಗ — ಭಾವ — ಕಟ್ಟಿದ ಖಜಾನೆ. ಹಳೇ ಟೀವಿ ಕಾಮಿಡಿಗಳಲ್ಲಿ ಬರುವ ಆಕಾಶನೌಕೆಗಳ ಮಾದರಿಗಳು! ಗಂಭೀರವಾದ ನೌಕೆಗಳು ಭಾವನಿಗೆ ಬೇಡ. “ಅವನ್ನು ಮಾಡಲಿಕ್ಕೆ ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ. ನಗಿಸುವವರ ಹಡಗು ಯಾರು ಮಾಡ್ತಾರೆ?” ಅನ್ನುವುದು ಅವನ ವಾದ.

ಈ ಹುಚ್ಚು ಹಿಡಿದದ್ದಕ್ಕೆ ಅರ್ಧ ಕಾರಣ ನಮ್ಮ ಅಣ್ಣಾವ್ರು ಅಂದರೆ ನಂಬುತ್ತೀರಾ? ‘ಆಪರೇಷನ್ ಡೈಮಂಡ್ ರಾಕೆಟ್’ (1978) ಪುತ್ತೂರಿಗೆ ಮತ್ತೊಮ್ಮೆ ಬಂದಾಗ ನಾವಿನ್ನೂ ಹೈಸ್ಕೂಲು ಹುಡುಗರು. ಪೋಸ್ಟರಿನಲ್ಲಿ ‘ರಾಕೆಟ್’ ಅಂತ ಓದಿ, ರಾಜಣ್ಣ ಈ ಸಲ ಚಂದ್ರಲೋಕಕ್ಕೇ ಹೋಗಿ ಫೈಟ್ ಮಾಡುತ್ತಾರೆ ಅಂತ ಗಾಂಧಿ ಕ್ಲಾಸಿನಲ್ಲಿ ಜಾಗ ಹಿಡಿದು ಕೂತೆವು. ಇಂಟರ್‌ವಲ್ ಆಯಿತು. ರಾಕೆಟ್ ಇಲ್ಲ. ಶುಭಂ ಬಂತು. ಆಗಲೂ ಇಲ್ಲ! ಅದು ಹಾರುವ ರಾಕೆಟ್ಟಲ್ಲ, ವಜ್ರದ ಕಳ್ಳದಂಧೆಯ ರ‍್ಯಾಕೆಟ್ಟು ಅಂತ ತಿಳಿದದ್ದು ಬಹಳ ದಿನದ ಮೇಲೆ. ಪಿಕ್ಚರು ಬೊಂಬಾಟಾಗಿತ್ತು, ಆ ಮಾತು ಬೇರೆ. ಆದರೆ ಹಿಂದಿರುಗುವ ಬಸ್ಸಿನಲ್ಲಿ ಭಾವ ಹೇಳಿದ್ದ: “ಅವರು ತೋರಿಸದಿದ್ದರೆ ಎಂತ, ನಾವೇ ಮಾಡುವ.”

ಮಾಡುವುದು ಹೇಗೆ? ಶಾಲೆಯ ಲೈಬ್ರರಿಯಲ್ಲಿ ಕಾರಂತರ ‘ವಿಜ್ಞಾನ ಪ್ರಪಂಚ’ದ ದಪ್ಪ ಸಂಪುಟಗಳಿದ್ದವು. ಪುತ್ತೂರಿನ ಬಾಲವನದಲ್ಲಿ ಕೂತು ಲೋಕದ ವಿದ್ಯೆಯನ್ನೆಲ್ಲ ಕನ್ನಡಕ್ಕೆ ತಂದ ಆ ಮಹಾನುಭಾವ 1930ರಲ್ಲೇ ‘ಡೊಮಿಂಗೊ’ ಎಂಬ ಮೂಕಿಚಿತ್ರವನ್ನೂ ತೆಗೆದಿದ್ದರು. ಸಿನಿಮಾ, ವಿಜ್ಞಾನ ಎರಡೂ ಒಂದೇ ತಲೆಯಲ್ಲಿ ಹಿಡಿಸುತ್ತದೆ ಅನ್ನುವುದಕ್ಕೆ ನಮಗೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ನೌಕೆಯ ನಕಾಶೆ ಸಿಕ್ಕಿದ್ದು 1988ರಲ್ಲಿ, ದುಬೈಯಿಂದ ರಜೆಯಲ್ಲಿ ಬಂದಿದ್ದ ನೆರೆಮನೆಯವರ ವಿಡಿಯೋ ಕ್ಯಾಸೆಟ್ಟಿನಲ್ಲಿ. ಹಿಂದಿ ಪಿಕ್ಚರ್ ಮುಗಿದ ಮೇಲೆ ಉಳಿದ ಟೇಪಿನಲ್ಲಿ ಯಾರೋ ಇಂಗ್ಲಿಷ್ ಕಾಮಿಡಿಯೊಂದನ್ನು ಹಿಡಿದಿದ್ದರು. ‘ಮೋರ್ಕ್ ಅಂಡ್ ಮಿಂಡಿ’. ಅಮೆರಿಕದ ಟೀವಿಯಲ್ಲಿ 1978ರಿಂದ 1982ರವರೆಗೆ ಬಂದದ್ದು. ಆರ್ಕ್ ಎಂಬ ಗ್ರಹದ ಪೆದ್ದನೊಬ್ಬ ಮೊಟ್ಟೆಯಂಥ ನೌಕೆಯಲ್ಲಿ ಭೂಮಿಗೆ ಬಂದು ಬೀಳುತ್ತಾನೆ. ಆ ಪೆದ್ದನ ಪಾತ್ರ ಮಾಡಿ ಮನೆಮಾತಾದವನೇ ಮುಂದೆ ದೊಡ್ಡ ತಾರೆಯಾದ ರಾಬಿನ್ ವಿಲಿಯಮ್ಸ್! ನಮಗೆ ಮಾತು ಒಂದೂ ಅರ್ಥವಾಗಲಿಲ್ಲ. ಆದರೆ ಮೊಟ್ಟೆ ಅರ್ಥವಾಯಿತು.

ಮಾವನ ಅಡುಗೆಮನೆಯ ಮಾಡಿನಲ್ಲಿ ಒಣಗಿದ ಸೋರೆ ಬುರುಡೆ ತೂಗುತ್ತಿತ್ತು. ಅದನ್ನು ಕಟ್ಟಿಕೊಂಡೇ ನಾವು ಹೊಳೆಯಲ್ಲಿ ಈಜು ಕಲಿತದ್ದು. ಭಾವ ಅದನ್ನು ಇಳಿಸಿ ಅಳೆದ. ಒಂದು ಅಡಿ ಉದ್ದ. ಒಳಗೆ ಆಳು ಕೂರಬೇಕಾದರೆ ನಿಜವಾದ ಮೊಟ್ಟೆ ಎಂಟು ಅಡಿಯಾದರೂ ಬೇಕು. ಅಂದರೆ ನಮ್ಮದು ಎಂಟನೇ ಒಂದು ಪಾಲು. ಹಾಗಾದರೆ ಆರಡಿ ಮನುಷ್ಯ ಒಂಬತ್ತು ಅಂಗುಲ ಆಗಬೇಕು. ಸ್ಕೇಲ್ ಮಾಡೆಲ್ ಅಂದರೆ ಇಷ್ಟೇ ಸ್ವಾಮಿ! ಸಣ್ಣದು ಮಾಡಿದರೆ ಆಟಿಕೆ; ಎಲ್ಲವನ್ನೂ ಒಂದೇ ಲೆಕ್ಕದಲ್ಲಿ ಸಣ್ಣದು ಮಾಡಿದರೆ ಮಾದರಿ. ಭಾವ ಬಾಗಿಲು, ಸೀಟು, ಸೀಟಿನ ಮೇಲಿನ ಆಳು ಎಲ್ಲ ಲೆಕ್ಕ ಹಾಕಿ ಮಾಡಿದ. ಹೊರಗೆ ಸುಣ್ಣ ಬಳಿದು ಬೆಳ್ಳಗೆ ಮಾಡಬೇಕು ಅಂದ. ನಾನು ಬೇಡ ಅಂದೆ. ಯಕ್ಷಗಾನದ ಕಿರೀಟಕ್ಕೆ ಹಚ್ಚುವ ಬೇಗಡೆ ನನ್ನಲ್ಲಿ ಒಂದು ಕಟ್ಟು ಇತ್ತು. ಅದನ್ನು ಅಂಟಿಸಿದರೆ ಥಳಥಳ ಅನ್ನುತ್ತೆ. “ಮೊಟ್ಟೆ ಎಲ್ಲಾದರೂ ಚಿನ್ನದ್ದು ಇರ್ತದಾ ಮಾರಾಯ?” ಅಂತ ಭಾವ ಬೈದ.

ಶಾಲೆಯ ವಸ್ತುಪ್ರದರ್ಶನದ ದಿನ ಭಾವನಿಗೆ ವಿಪರೀತ ಜ್ವರ. ಹಿಂದಿನ ರಾತ್ರಿ ನಾನು ಬೇಗಡೆ ಅಂಟಿಸಿಬಿಟ್ಟೆ. ಮೇಷ್ಟ್ರು ಚೀಟಿ ಕೊಟ್ಟು ಹೆಸರು ಬರೆಯಲು ಹೇಳಿದರು. ಒಂದೇ ಹೆಸರು ಬರೆದೆ. ನನ್ನದು. ಪ್ರಥಮ ಬಹುಮಾನವಾಗಿ ಸ್ಟೀಲ್ ಲೋಟ ಬಂತು. ಭಾವ ಆ ಬಗ್ಗೆ ಅಂದೂ ಕೇಳಲಿಲ್ಲ, ಮುಂದೆಯೂ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು! ನಾನು ಬೆಂಗಳೂರು ಸೇರಿ ಪತ್ರಿಕೆಗಳಿಗೆ ಬರೆಯತೊಡಗಿದೆ. ಭಾವ ತೋಟದಲ್ಲೇ ಉಳಿದ. ಮದುವೆ ಮುಂಜಿಗಳಲ್ಲಿ ಸಿಕ್ಕರೆ ಅಡಿಕೆಗೆ ರೇಟೆಷ್ಟು, ಮಳೆ ಹೇಗೆ, ಅಷ್ಟೇ. ಈ ಸಲ ಅವನೇ ಫೋನ್ ಮಾಡಿದ. “ಹನ್ನೊಂದು ಆಗಿದೆ. ಒಮ್ಮೆ ಬಂದು ನೋಡು.”

ಹೋದೆ. ಅಕ್ಕ ಕಾಫಿ ಕೊಟ್ಟು, “ಮೇಲೆ ಹೋಗು, ನಿನ್ನ ಭಾವ ಭೂಮಿಯ ಮೇಲೆ ಇರುವುದೇ ಕಡಿಮೆ” ಅಂದಳು.

ಅಟ್ಟದ ಏಣಿ ಹತ್ತಿ ತಲೆ ಒಳಗೆ ಹಾಕಿದವನು ಹಾಗೇ ನಿಂತುಬಿಟ್ಟೆ. ಅಡಿಕೆ ಚೀಲಗಳ ಮಧ್ಯೆ, ಕೆಳಗಿನ ಒಲೆಯ ಬೆಚ್ಚಗಿನ ಗಾಳಿಯಲ್ಲಿ, ಸಾಲಾಗಿ ತೂಗುತ್ತಿದ್ದವು ನೌಕೆಗಳು! ಒಲೆಯ ಮೇಲಿನ ಜಾಗ ಆರಿಸಿದ್ದು ಸುಮ್ಮನೆ ಅಲ್ಲ. ನಮ್ಮೂರಿನ ಮಳೆಗಾಲದಲ್ಲಿ ನೆಲದ ಮೇಲಿಟ್ಟ ಎಲ್ಲದಕ್ಕೂ ಬೂಷ್ಟು ಹಿಡಿಯುತ್ತದೆ. ಅಡಿಕೆ ಕಾಯುವ ಬಿಸಿಯೇ ಮಾದರಿಗಳನ್ನೂ ಕಾಯುತ್ತದೆ.

ಮೊದಲು ಕಂಡದ್ದು ಪುಟ್ಟ ಬೆಳ್ಳಿಬಣ್ಣದ ತಟ್ಟೆ. 1963ರಿಂದ 1966ರವರೆಗೆ ಬಂದ ‘ಮೈ ಫೇವರಿಟ್ ಮಾರ್ಷಿಯನ್’ ಧಾರಾವಾಹಿಯದು. ಮಂಗಳ ಗ್ರಹದವನ ನೌಕೆ ಕೆಟ್ಟು ಭೂಮಿಗೆ ಬೀಳುತ್ತದೆ. ಅವನು ಕೈಗೆ ಸಿಕ್ಕುವುದು ಒಬ್ಬ ಪತ್ರಕರ್ತನಿಗೆ. ಎಂಥ ಸುದ್ದಿ! ಆದರೆ ಆ ಪುಣ್ಯಾತ್ಮ ಒಂದಕ್ಷರ ಬರೆಯದೆ, ಅವನನ್ನು ತನ್ನ ಅಂಕಲ್ ಎಂದು ಹೇಳಿ ಮನೆಯಲ್ಲಿಟ್ಟುಕೊಳ್ಳುತ್ತಾನೆ. ನೌಕೆಯನ್ನು ಗ್ಯಾರೇಜಿನಲ್ಲಿ ಅಡಗಿಸಿಡುತ್ತಾನೆ. ಭಾವ ನನ್ನನ್ನು ನೋಡಿ ನಕ್ಕ. “ನಿನ್ನ ಜಾತಿಯವನೇ. ಆದರೆ ಬಾಯಿ ಬಿಗಿ ಇತ್ತು.”

ಅದರಾಚೆ ಮೂರಡಿ ಉದ್ದದ ಕೆಂಪು ಹಡಗು. ‘ರೆಡ್ ಡ್ವಾರ್ಫ್’! ಬ್ರಿಟನ್ನಿನ ಬಿಬಿಸಿಯಲ್ಲಿ 1988ರ ಫೆಬ್ರವರಿಯಲ್ಲಿ ಶುರುವಾದ ಕಾಮಿಡಿ. ಮೂವತ್ತು ಲಕ್ಷ ವರ್ಷ ಮಲಗಿ ಎದ್ದ ಸೋಮಾರಿಯೊಬ್ಬ, ಸತ್ತು ಬೆಳಕಿನ ಬೊಂಬೆಯಾದ ಅವನ ರೂಮ್‌ಮೇಟ್, ಬೆಕ್ಕಿನ ವಂಶದಲ್ಲಿ ಹುಟ್ಟಿದ ಶೋಕಿಲಾಲ... ಮೈಲುಗಟ್ಟಲೆ ಉದ್ದದ ಹಡಗಿನಲ್ಲಿ ಜಗಳಾಡುತ್ತಾ ತಿರುಗುತ್ತಾರೆ. ಭಾವ ಪೆನ್ಸಿಲ್ ಹಿಡಿದು ಲೆಕ್ಕ ಹೇಳಿದ. “ಐದು ಮೈಲಿ ಅಂತ ಇಟ್ಟುಕೋ. ಅಂಗಡಿಯಲ್ಲಿ ಸಿಗುವ ವಿಮಾನದ ಕಿಟ್ಟುಗಳ ಹಾಗೆ ಎಪ್ಪತ್ತೆರಡನೇ ಒಂದು ಪಾಲು ಮಾಡಿದರೂ 366 ಅಡಿ ಬರ್ತದೆ. ಅಂಗಳವೂ ಸಾಲದು. ಈ ಮೂರಡಿ ಹಡಗಿನ ಲೆಕ್ಕದಲ್ಲಿ ಮನುಷ್ಯ ಸಾಸಿವೆ ಕಾಳಿಗಿಂತಲೂ ಎಷ್ಟೋ ಸಣ್ಣ. ಹಾಗಾದರೆ ಕಿಟಕಿ ಎಷ್ಟು ಸಣ್ಣ ಇರಬೇಕು, ಹೇಳು?”

ಇಲ್ಲಿದೆ ಗುಟ್ಟು. ಬೋಳು ಡಬ್ಬಿಗೆ ಕೆಂಪು ಬಣ್ಣ ಬಳಿದರೆ ಅದು ಡಬ್ಬಿಯೇ. ಅದರ ಮೈಮೇಲೆ ನೂರಾರು ಸಣ್ಣ ಸಣ್ಣ ಭಾಗಗಳನ್ನು ಅಂಟಿಸಿದಾಗ ಕಣ್ಣು ಮೋಸ ಹೋಗಿ ‘ಅಬ್ಬಾ ಎಷ್ಟು ದೊಡ್ಡದು’ ಅನ್ನುತ್ತದೆ. ಪರದೇಶದ ಸ್ಟುಡಿಯೋಗಳಲ್ಲಿ ಇದಕ್ಕೆ ಪ್ಲಾಸ್ಟಿಕ್ ಟ್ಯಾಂಕು, ವಿಮಾನಗಳ ಕಿಟ್ಟುಗಳನ್ನು ಒಡೆದು ಬಳಸುತ್ತಿದ್ದರು. ಭಾವನ ಕಿಟ್ಟು ಬೇರೆ: ಬಾಚಣಿಗೆಯ ಹಲ್ಲು, ಕೆಟ್ಟ ರೇಡಿಯೋದ ಒಳಭಾಗ, ಮುರಿದ ಕೊಡೆಯ ಕಡ್ಡಿ, ತಿಂದು ಮುಗಿದ ಮಾತ್ರೆಯ ಪಟ್ಟಿ. ಹಡಗಿನ ಬೆನ್ನಿಗೆ ಅಡಿಕೆ ಹಾಳೆ. ಹಿಂದಿನ ಇಂಜಿನ್ನು? ತೋಟಕ್ಕೆ ಮದ್ದು ಬಿಡುವ ಪಂಪಿನ ಹಿತ್ತಾಳೆ ನಾಝಲ್ಲು! ಮೈಲುತುತ್ತಿನ ನೀಲಿ ಕಲೆ ಇನ್ನೂ ಅದರ ಮೇಲಿತ್ತು. ಉಜ್ಜಿಲ್ಲ. “ಕೆಲಸ ಮಾಡಿದ ಹಡಗು ಹಾಗೇ ಇರ್ತದೆ” ಅಂದ.

ನಾನು ಬೆಂಗಳೂರಿನ ಬುದ್ಧಿ ತೋರಿಸಿದೆ. “ಈಗ ಇದೆಲ್ಲ ಕಂಪ್ಯೂಟರಿನಲ್ಲಿ ಮಾಡ್ತಾರೆ ಭಾವ.” ಅವನು ಅದಕ್ಕೇ ಕಾದಿದ್ದವನ ಹಾಗೆ ಹೇಳಿದ: 1998ರಲ್ಲಿ ಇದೇ ‘ರೆಡ್ ಡ್ವಾರ್ಫ್’ನ ಹಳೇ ಕಂತುಗಳ ಮಾದರಿ ದೃಶ್ಯಗಳನ್ನು ತೆಗೆದು ಕಂಪ್ಯೂಟರಿನ ಚಿತ್ರ ತುರುಕಿದರಂತೆ. ಅಭಿಮಾನಿಗಳಿಗೆ ಸಮಾಧಾನವಾಗಲಿಲ್ಲ. 2012ರಲ್ಲಿ ಹೊಸ ಕಂತುಗಳು ಬಂದಾಗ ಮತ್ತೆ ಕೈಯಲ್ಲಿ ಕಟ್ಟಿದ ಮಾದರಿಗಳೇ ಬಂದವು. ಅಭಿಮಾನಿಗಳೆಂದರೆ ಬರೀ ಶಿಳ್ಳೆ ಹೊಡೆಯುವವರಲ್ಲ, ನೋಡಿ!

ನಮ್ಮವರೇನು ಕಡಿಮೆಯೇ? ‘ಮಾಯಾಬಜಾರ್’ (1957) ಚಿತ್ರದ ದ್ವಾರಕೆ ನೆನಪಿದೆಯಲ್ಲ? 50 ಅಡಿಗೆ 60 ಅಡಿ ಜಾಗದಲ್ಲಿ ಮುನ್ನೂರು ಪುಟಾಣಿ ಮನೆ, ಪ್ರತಿ ಮನೆಗೂ ಬೇರೆ ದೀಪ. ಛಾಯಾಗ್ರಾಹಕ ಮಾರ್ಕಸ್ ಬಾರ್ಟ್ಲೆ ಕ್ಯಾಮೆರಾ ಹಿಡಿದ. ಅದು ಬೊಂಬೆಮನೆ ಅಂತ ಒಬ್ಬನಾದರೂ ಕೂಗಿದನೇ?

“ಮಾತು ಸಾಕು. ಆ ದಾರ ಹಿಡಿ” ಅಂದ ಭಾವ. ಅಂದು ಅಟ್ಟದಲ್ಲಿ ಶೂಟಿಂಗ್! ‘ರೆಡ್ ಡ್ವಾರ್ಫ್’ನಲ್ಲಿ 1989ರಿಂದ ಕಾಣಿಸಿಕೊಂಡ ‘ಸ್ಟಾರ್‌ಬಗ್’ ಎಂಬ ಹಸಿರು ಮರಿನೌಕೆ ಚಂದ್ರನ ಮೇಲಿಳಿಯಬೇಕು. ಮೂರು ಉಂಡೆಗಳ ಮಿಡತೆಯಂಥ ರೂಪ. ಭಾವ ಮಾಡಿದ್ದು ಮೂರು ತೆಂಗಿನ ಚಿಪ್ಪಿನಲ್ಲಿ, ಇಪ್ಪತ್ತೈದನೇ ಒಂದು ಪಾಲು. ಚಂದ್ರನ ನೆಲ ಒಲೆಯ ಬೂದಿ. ಹಿಂದೆ ಕರಿ ಕಂಬಳಿ. ಬೆಳಕು ಒಂದೇ ಕಡೆಯಿಂದ, ಒಂದು ಟಾರ್ಚು. ಫೋನನ್ನು ಬೂದಿಗೆ ತಾಗುವಷ್ಟು ತಗ್ಗಿನಲ್ಲಿಟ್ಟ. ಇರುವೆಯ ಕಣ್ಣಿನಿಂದ ನೋಡಿದರೆ ಚಿಪ್ಪೂ ಬೆಟ್ಟ.

ಗಾಳದ ದಾರ ಮೆಲ್ಲಗೆ ಬಿಟ್ಟೆ. ನೌಕೆ ಟಪ್ಪಂತ ಬಿತ್ತು, ಬೂದಿ ಹಾರಿತು. ಎರಡು ಸೆಕೆಂಡಿನ ಆಟ. ತೆಂಗಿನ ಚಿಪ್ಪು ಬಿದ್ದ ಹಾಗೇ ಇತ್ತು. “ಈಗ ನೋಡು” ಅಂತ ಭಾವ ಫೋನು ತೋರಿಸಿದ. ಸೆಕೆಂಡಿಗೆ 24 ಚೌಕಟ್ಟಿನ ಬದಲು 120 ಹಿಡಿದಿದ್ದ. ಇಪ್ಪತ್ತೈದು ಪಾಲು ಸಣ್ಣದಾದ ವಸ್ತು ಅದೇ ಲೆಕ್ಕದ ಎತ್ತರದಿಂದ ನೆಲ ಮುಟ್ಟಲು ಐದು ಪಾಲು ಕಡಿಮೆ ಹೊತ್ತು ಸಾಕು. ಹಾಗಾಗಿ ಐದು ಪಟ್ಟು ನಿಧಾನ ಮಾಡಿ ತೋರಿಸಿದರೆ ತೂಕ ಹಿಂದೆ ಬರುತ್ತದೆ. ತೆರೆಯ ಮೇಲೆ ಟನ್ನುಗಟ್ಟಲೆ ಭಾರದ ನೌಕೆ ಗಂಭೀರವಾಗಿ ಇಳಿಯಿತು, ಬೂದಿ ಮೋಡವಾಗಿ ಎದ್ದು ಮೆಲ್ಲಗೆ ಕೂತಿತು. ನನಗೆ ಮೈ ಜುಮ್ಮೆಂದಿತು. ಪುತ್ತೂರಿನ ಗಾಂಧಿ ಕ್ಲಾಸಿನಲ್ಲಿ ಕಾದು ಕೂತಿದ್ದ ರಾಕೆಟ್ಟು ಕೊನೆಗೂ ಬಂದಿತ್ತು!

ಆ ಖುಷಿಯಲ್ಲೇ ಹೇಳಿಬಿಟ್ಟೆ. “ಭಾವ, ಇದನ್ನೆಲ್ಲ ಬರೀತೇನೆ. ನಿಮ್ಮ ಹೆಸರು, ಫೋಟೋ ಎಲ್ಲ ಹಾಕಿ.”

“ಬೇಡ. ಊರಿನ ಮಕ್ಕಳೆಲ್ಲ ಬರ್ತಾರೆ. ಮುಟ್ಟಿದರೆ ಮುರೀತದೆ.”

“ಅಂದು ಶಾಲೆಯಲ್ಲಿ...” ಅಂದೆ. ಮುಂದೆ ಬಾಯಿ ಬರಲಿಲ್ಲ.

ಭಾವ ಮಾತಾಡದೆ ಮೂಲೆಯಿಂದ ಬೈರಾಸಿನಲ್ಲಿ ಸುತ್ತಿದ ಗಂಟೊಂದನ್ನು ತಂದು ಬಿಚ್ಚಿದ. ಸೋರೆ ಬುರುಡೆ! ಬೇಗಡೆ ಕೆರೆದು ಸುಣ್ಣ ಬಳಿದಿದ್ದ. ಈಗ ಸರಿಯಾದ ಮೊಟ್ಟೆ. ಒಳಗೆ ಒಂಬತ್ತು ಅಂಗುಲದ ಆಳು ಇನ್ನೂ ಕೂತಿದ್ದ. ಅಡಿಯಲ್ಲಿ ಮಾತ್ರ ಆ ಹಳದಿ ಚೀಟಿ ಹಾಗೇ ಇತ್ತು, ನನ್ನ ಹೆಸರು ಹೊತ್ತು. ನಾಚಿಕೆಯಾಗಿ ಕಿತ್ತುಬಿಡುವ ಅಂತ ಉಗುರು ಹಾಕಿದೆ. ಭಾವ ಕೈ ಹಿಡಿದ.

“ಮುಟ್ಟಬೇಡ ಮಾರಾಯ. ಅದರ ಅಡಿಯಲ್ಲಿ ಬುರುಡೆ ಬಿರುಕು ಬಿಟ್ಟಿದೆ. ಇಷ್ಟು ವರ್ಷ ಆ ಚೀಟಿಯೇ ಹಿಡಿದುಕೊಂಡಿರುವುದು.”

“ಹಾಗಾದರೆ ಪೆನ್ನು ಕೊಡಿ.”

ಭಾವ ಸ್ವಲ್ಪ ಹೊತ್ತು ನನ್ನ ಮುಖ ನೋಡಿದ. ಆಮೇಲೆ ಕಿವಿಯ ಸಂದಿನಲ್ಲಿದ್ದ ಪೆನ್ಸಿಲ್ ತೆಗೆದು ಕೊಟ್ಟ. “ಮೆಲ್ಲ ಬರಿ. ಒತ್ತಿದರೆ ಒಡೀತದೆ.”

ಪತ್ರಿಕೆಯಲ್ಲಿ ಹೆಸರು ಹಾಕುವುದಿಲ್ಲ ಅಂತ ಮಾತು ಕೊಟ್ಟಿದ್ದೇನೆ, ಹಾಕಿಲ್ಲ. ಬುರುಡೆಯ ಅಡಿಯಲ್ಲಿ ನನ್ನ ಹೆಸರಿನ ಮೇಲ್ಗಡೆ ಬರೆದಿದ್ದೇನೆ. ಸುಣ್ಣ ತಾಗಿದ ಕಾಗದ, ಮೊದಲ ಅಕ್ಷರವನ್ನು ಎರಡು ಸಲ ತಿದ್ದಬೇಕಾಯಿತು. ಅಷ್ಟರಲ್ಲಿ ಕೆಳಗಿನಿಂದ ಅಕ್ಕ ಕೂಗಿದಳು: ಪುತ್ತೂರಿನ ಬಸ್ಸಿಗೆ ಹೊತ್ತಾಯಿತು, ಕೊಡೆ ಮರೆಯಬೇಡ.