ಅನುಮತಿ ಕೊಟ್ಟವನು ನಾನೇ

ಶ್ರೀಮಠದ ಪತ್ರಿಕೆಯಲ್ಲಿ ಗಣಕಯಂತ್ರದ ಮಾತೇಕೆ ಎಂದು ಓದುಗ ಬಂಧುಗಳು ಕೇಳಬಹುದು. ಕಾಯಕ, ದಾಸೋಹ, ಶಿವಯೋಗಗಳ ವಿಚಾರವನ್ನು ಬಲ್ಲವರು ಈ ಪುಟಗಳಲ್ಲಿ ಬರೆಯುತ್ತ ಬಂದಿದ್ದಾರೆ. ನಾನು ಬರೆಯಹೊರಟಿರುವುದಾದರೋ ಮನೆಯ ಮೂಲೆಯಲ್ಲಿದ್ದ ಒಂದು ಯಂತ್ರದ ಕಾಟವನ್ನೂ, ಅದನ್ನು ನಿಲ್ಲಿಸಹೋಗಿ ನಾನು ಮಾಡಿದ ತಪ್ಪನ್ನೂ ಕುರಿತು. ಇಪ್ಪತ್ತು ವರ್ಷಗಳು ಕಳೆದರೂ ಆ ತಪ್ಪಿನ ನೆನಪು ನನ್ನನ್ನು ಬಿಟ್ಟಿಲ್ಲ. ಹೇಳಿಕೊಂಡರೆ ಒಬ್ಬಿಬ್ಬರಿಗಾದರೂ ಪ್ರಯೋಜನವಾದೀತು ಎಂದು ಬರೆಯುತ್ತಿದ್ದೇನೆ.

ಪ್ರೌಢಶಾಲೆಯ ಶಿಕ್ಷಕನಾಗಿ ನಾನು 1999ರಲ್ಲಿ ನಿವೃತ್ತನಾದೆ. ಎರಡು ವರ್ಷಗಳ ತರುವಾಯ ಮಗನು ಉದ್ಯೋಗನಿಮಿತ್ತ ಅಮೆರಿಕೆಗೆ ಹೊರಟಾಗ, ದಾವಣಗೆರೆಯ ನಮ್ಮ ಮನೆಯಲ್ಲಿ ಒಂದು ಗಣಕಯಂತ್ರವನ್ನು ತಂದಿರಿಸಿದನು. ಪರದೇಶಕ್ಕೆ ದೂರವಾಣಿಯಲ್ಲಿ ಮಾತನಾಡುವುದು ಆಗ ದುಬಾರಿಯ ಸಂಗತಿ. "ಅಪ್ಪಾ, ವಾರಕ್ಕೆರಡು ಈ-ಮೇಲ್ ಬರೆಯಿರಿ, ಸಾಕು" ಎಂದು ಕಲಿಸಿಕೊಟ್ಟು ಹೋದನು. ನಮ್ಮ ದೇಶದಲ್ಲಿ ಸಾರ್ವಜನಿಕರಿಗೆ ಅಂತರಜಾಲ ದೊರೆತುದು 1995ರ ಆಗಸ್ಟ್ 15ರಂದು. ಆರು ವರ್ಷಗಳು ಕಳೆದಿದ್ದರೂ ನಮ್ಮಂಥವರ ಮನೆಗಳಿಗೆ ಅದು ದೂರವಾಣಿಯ ತಂತಿಯ ಮೂಲಕವೇ ಬರಬೇಕಾಗಿತ್ತು. ಮೋಡೆಮ್ ಎಂಬ ಸಾಧನವು ನಮ್ಮ ಪರವಾಗಿ ಒಂದು ಸಂಖ್ಯೆಯನ್ನು ತಿರುಗಿಸಿ, ಕೀಚಲು ದನಿಯಲ್ಲಿ ಕೂಗಾಡಿ, ಆ ತುದಿಯ ಯಂತ್ರದೊಡನೆ ಸಂಪರ್ಕ ಬೆಳೆಸುತ್ತಿತ್ತು. ಹಾಗೆ ಸಂಪರ್ಕದಲ್ಲಿರುವಷ್ಟು ಹೊತ್ತೂ ಮನೆಗೆ ಬೇರೆ ಕರೆ ಬರುವಂತಿರಲಿಲ್ಲ. ಕರೆದವರಿಗೆ 'ಎಂಗೇಜ್' ಸದ್ದು ಮಾತ್ರ ಕೇಳಿಸುತ್ತಿತ್ತು. ಅಂತರಜಾಲದ ಗಂಟೆಗಳ ಲೆಕ್ಕ ಒಂದಾದರೆ, ದೂರವಾಣಿಯ ಬಿಲ್ಲು ಇನ್ನೊಂದು.

ಕೆಲವು ತಿಂಗಳು ಎಲ್ಲವೂ ಸುಗಮವಾಗಿ ಸಾಗಿತು. ಬಳಿಕ ಒಂದು ಕಿರುಕುಳ ಆರಂಭವಾಯಿತು. ನಾನು ಅಂತರಜಾಲದ ಗೊಡವೆಗೇ ಹೋಗದೆ ನನ್ನ ಲೇಖನವನ್ನೋ ಮಠದ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನೋ ಬೆರಳಚ್ಚು ಮಾಡುತ್ತ ಕುಳಿತಿದ್ದರೂ, ಪರದೆಯ ನಡುವೆ ಸಣ್ಣದೊಂದು ಚೌಕ ಮೂಡಿ "ಸಂಪರ್ಕಿಸಲೇ?" ಎಂದು ಕೇಳತೊಡಗಿತು. 'ಕ್ಯಾನ್ಸಲ್' ಗುಂಡಿಯನ್ನು ಒತ್ತಿದರೆ ಹೋಗುವುದು; ಸ್ವಲ್ಪ ಹೊತ್ತಿಗೆ ಮತ್ತೆ ಬರುವುದು. ಪಕ್ಕದ ಕೋಣೆಯಲ್ಲಿ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಿದ್ದಾಗಲೂ ಆ ಚೌಕದೊಡನೆ ಬರುವ ಟಿಣ್ ಎಂಬ ಸದ್ದು ಕಿವಿಗೆ ಬೀಳುತ್ತಿತ್ತು. ದೃಷ್ಟಿ ಲಿಂಗದ ಮೇಲೆ, ಮನಸ್ಸು ಪರದೆಯ ಮೇಲೆ. ಯಂತ್ರವನ್ನು ಆರಿಸಿಬಿಡಬಹುದಿತ್ತಲ್ಲ ಎನ್ನುವಿರಿ. ಪದೇ ಪದೇ ಆರಿಸಿ ಹೊತ್ತಿಸಿದರೆ ಕೆಟ್ಟೀತೆಂದು ಯಾರೋ ಹೇಳಿದ್ದುದನ್ನು ನಂಬಿ, ಬೆಳಗಿನಿಂದ ರಾತ್ರಿಯವರೆಗೆ ಅದನ್ನು ಚಾಲನೆಯಲ್ಲಿಯೇ ಇಡುತ್ತಿದ್ದೆ.

ಒಂದು ದಿನ ಬೇಸತ್ತು ಆ ಚೌಕವನ್ನು ನೆಟ್ಟಗೆ ನೋಡಿದೆ. ಅದರಲ್ಲಿ 'ಕನೆಕ್ಟ್ ಆಟೊಮ್ಯಾಟಿಕಲಿ' ಎಂಬ ಮಾತೂ ಅದರ ಪಕ್ಕದಲ್ಲಿ ಗುರುತು ಹಾಕುವ ಜಾಗವೂ ಇದ್ದವು. ಅಲ್ಲಿ ಗುರುತು ಹಾಕಿದೆ. ಅಂದಿನಿಂದ ಚೌಕವು ನನ್ನನ್ನು ಕೇಳುವುದನ್ನು ಬಿಟ್ಟಿತು. ಕಾಟ ತಪ್ಪಿತೆಂದು ನಾನು ಹಿಗ್ಗಿದೆ. ಕೇಳುವುದು ನಿಂತಿತೇ ಹೊರತು ಮಾಡುವುದು ನಿಂತಿರಲಿಲ್ಲ ಎಂಬುದು ನನಗೆ ಹೊಳೆಯಲಿಲ್ಲ. ಮೊದಲು ನನ್ನ ಒಪ್ಪಿಗೆಯನ್ನು ಬೇಡುತ್ತಿದ್ದ ಯಂತ್ರವು, ಈಗ ಒಪ್ಪಿಗೆ ಇದೆಯೆಂದೇ ತಿಳಿದು ತನ್ನಷ್ಟಕ್ಕೆ ತಾನೇ ಸಂಖ್ಯೆಯನ್ನು ತಿರುಗಿಸತೊಡಗಿತ್ತು. ಮೋಡೆಮಿನ ಕೂಗಾಟವೂ ಬೇಡವೆಂದು ನಾನೇ ಅದರ ದನಿಯನ್ನು ಅಡಗಿಸಿದ್ದೆ.

2002ರ ಒಂದು ಭಾನುವಾರ ನಾನೂ ನನ್ನ ಪತ್ನಿಯೂ ಬೆಳಿಗ್ಗೆಯೇ ಶ್ರೀಮಠದ ಕಾರ್ಯಕ್ರಮಕ್ಕೆ ಹೋಗಿ, ಪ್ರಸಾದ ಸ್ವೀಕರಿಸಿ, ಮಧ್ಯಾಹ್ನ ಮೂರರ ಹೊತ್ತಿಗೆ ಮರಳಿದೆವು. ಬಾಗಿಲ ಮುಂದೆ ಅಕ್ಕನ ಊರಿನ ಹುಡುಗನೊಬ್ಬ ಕುಳಿತಿದ್ದ. ಅಕ್ಕ ಬ್ಯಾಡಗಿಯ ಕಡೆಯ ಹಳ್ಳಿಯಲ್ಲಿದ್ದಳು. ತಾಯಿಯಿಲ್ಲದ ನನ್ನನ್ನು ಸಾಕಿ, ಶ್ರೀಮಠದ ಉಚಿತ ಪ್ರಸಾದನಿಲಯಕ್ಕೆ ಕೈಹಿಡಿದು ಕರೆತಂದು ಬಿಟ್ಟವಳು ಅವಳೇ. ಹಿಂದಿನ ರಾತ್ರಿಯಿಂದ ಅವಳಿಗೆ ಉಸಿರಾಟದ ತೊಂದರೆ ಹೆಚ್ಚಾಗಿ, ತಮ್ಮನನ್ನು ಕರೆಸಿರೆಂದು ಕೇಳುತ್ತಿದ್ದಳಂತೆ. ಹರಿಹರ, ರಾಣೆಬೆನ್ನೂರು ದಾಟಿ ನಾವು ಆ ಹಳ್ಳಿಯನ್ನು ಮುಟ್ಟುವಷ್ಟರಲ್ಲಿ ಕತ್ತಲಾಗಿತ್ತು. ಅಕ್ಕ ಸಂಜೆಯೇ ಲಿಂಗೈಕ್ಯಳಾಗಿದ್ದಳು. ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಇಷ್ಟಲಿಂಗ.

ಅವಳ ಮೊಮ್ಮಗ ನನ್ನ ಬಳಿ ಬಂದು ಅಳುತ್ತ ಹೇಳಿದ: "ಮುಂಜಾನಿಂದ ಫೋನ್ ಹಚ್ಚಾಕ ಹತ್ತಿದ್ದೆ ಅಜ್ಜಾ. ಬರೇ ಎಂಗೇಜ್ ಬರ್ತಿತ್ತು. ಕಡೀಗೆ ಈ ಹುಡುಗನ್ನ ಬಸ್ಸಿಗೆ ಹತ್ತಿಸಿದ್ವಿ."

ಮನೆಯಲ್ಲಿ ಯಾರೂ ಇಲ್ಲದಾಗ ದೂರವಾಣಿ ಎಂಗೇಜ್ ಆಗುವುದೆಂತು? ನನಗೆ ಅರ್ಥವಾಗಲಿಲ್ಲ. ನಾವು ಮನೆಯಲ್ಲಿ ಇರಲಿಲ್ಲವೆಂಬುದು ನಿಜ. ಆದರೆ ಕರೆಗೆ ಉತ್ತರ ಬಾರದೆ ಗಂಟೆ ಮಾತ್ರ ಹೊಡೆಯುತ್ತಿದ್ದರೆ ನಾವಿಲ್ಲವೆಂದು ಅವರಿಗೆ ತಿಳಿಯುತ್ತಿತ್ತು, ಹುಡುಗನನ್ನು ಮುಂಚೆಯೇ ಬಸ್ಸಿಗೆ ಹತ್ತಿಸುತ್ತಿದ್ದರು. ಎಂಗೇಜ್ ಸದ್ದನ್ನು ಕೇಳಿ, ತಮ್ಮ ಮನೆಯಲ್ಲಿಯೇ ಇದ್ದಾನೆ, ಮಾತನಾಡುತ್ತಿದ್ದಾನೆ, ಇನ್ನೈದು ನಿಮಿಷಕ್ಕೆ ಸಿಕ್ಕುವನೆಂದು ಮಧ್ಯಾಹ್ನದವರೆಗೂ ಕಾದರು.

ಕ್ರಿಯಾಕರ್ಮಗಳು ಮುಗಿದ ಮೇಲೆ, ಗಣಕಯಂತ್ರದ ತರಬೇತಿ ಕೊಡುತ್ತಿದ್ದ ನನ್ನ ಹಳೆಯ ಶಿಷ್ಯನೊಬ್ಬನನ್ನು ಕರೆಸಿದೆ. ಅವನು ನೋಡಿದೊಡನೆ ಮೊದಲು ಮಾಡಿದ ಕೆಲಸವೆಂದರೆ ನಾನು ಹಾಕಿದ ಆ ಗುರುತನ್ನು ತೆಗೆದುದು. "ಮತ್ತೆ ಕೇಳಲಾರಂಭಿಸುತ್ತದಲ್ಲಪ್ಪ" ಎಂದೆ. "ಕೇಳಲಿ ಬಿಡಿ ಸರ್. ಕೇಳಿದರಲ್ಲವೇ ಯಾರು ಕೇಳುತ್ತಿದ್ದಾರೆಂದು ತಿಳಿಯುವುದು? ಪ್ರತಿ ಸಲ ಎಷ್ಟು ಗಂಟೆಗೆ, ಏನು ಮಾಡುತ್ತಿದ್ದಾಗ ಕೇಳಿತೆಂದು ಬರೆದಿಡಿ" ಎಂದು ಒಂದು ನೋಟುಪುಸ್ತಕವನ್ನು ಮುಂದಿಟ್ಟು ಹೋದನು. ಶಿಕ್ಷಕನಿಗೆ ಶಿಷ್ಯನು ಮನೆಗೆಲಸ ಕೊಟ್ಟಂತಾಯಿತು. ನಾಲ್ಕು ದಿನ ಬರೆದಿಟ್ಟೆ.

ಬರೆದುದನ್ನು ನೋಡಿದಾಗ, ಕೇಳುತ್ತಿದ್ದವನು ಒಬ್ಬನಲ್ಲ, ಮೂವರು ಎಂಬುದು ಸ್ಪಷ್ಟವಾಯಿತು. ಅರ್ಧ ಗಂಟೆಗೊಮ್ಮೆ ತಪ್ಪದೆ ಕೇಳುತ್ತಿದ್ದುದು ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಅಂಚೆಯ ತಂತ್ರಾಂಶ. ಪ್ರತಿ 30 ನಿಮಿಷಕ್ಕೊಮ್ಮೆ ಹೊಸ ಪತ್ರ ನೋಡಬೇಕೆಂಬ ಸೂಚನೆ ಅದರೊಳಗಿತ್ತು. ಯಂತ್ರ ಹೊತ್ತಿಸಿದೊಡನೆ ಕೇಳುತ್ತಿದ್ದುದು ಮಗನು ಹಾಕಿಕೊಟ್ಟಿದ್ದ ಸಂದೇಶದ ತಂತ್ರಾಂಶ. ದಿನಕ್ಕೊಮ್ಮೆ ಕೇಳುತ್ತಿದ್ದುದು ವೈರಸ್ ನಿವಾರಕ. ಯಾವುದೂ ದುಷ್ಟವಲ್ಲ. ದಿನವಿಡೀ ಸಂಪರ್ಕವಿರುವ ಕಚೇರಿಗೆ ಇವೆಲ್ಲ ಅನುಕೂಲವೇ. ಒಂದೇ ತಂತಿಯಿರುವ ಮನೆಗೆ ಮಾತ್ರ ಭಾರ. ನಾನು ಗುರುತು ಹಾಕಿದ ಮೇಲೆ ಅಂಚೆಯ ತಂತ್ರಾಂಶವು ಅರ್ಧ ಗಂಟೆಗೊಮ್ಮೆ ತಂತಿಯನ್ನು ಹಿಡಿಯುವುದು. ಪತ್ರ ನೋಡಿದ ಮೇಲೂ ಬಿಡದೆ ಸುಮ್ಮನೆ ಹಿಡಿದುಕೊಂಡೇ ಇರುವುದು. ಬಿಟ್ಟ ಕೆಲವೇ ನಿಮಿಷಗಳಲ್ಲಿ ಮತ್ತೆ ಹಿಡಿಯುವುದು. ಹೀಗೆ ಆ ಭಾನುವಾರ ಕಳೆದಿತ್ತು. ಅಕ್ಕನ ಮೊಮ್ಮಗನು ಸಂಖ್ಯೆ ತಿರುಗಿಸಿದಾಗಲೆಲ್ಲ ಬಾಗಿಲು ಮುಚ್ಚಿರುತ್ತಿತ್ತು.

ಶಿಷ್ಯನು ಒಂದೊಂದಕ್ಕೂ ಅದರದರ ಬಳಿಯಲ್ಲಿಯೇ ಪರಿಹಾರ ಮಾಡಿದನು. ಅಂಚೆಯ ತಂತ್ರಾಂಶದ 'ಆಪ್ಷನ್ಸ್' ಪುಟದಲ್ಲಿ ಅರ್ಧ ಗಂಟೆಯ ಸೂಚನೆಯನ್ನು ತೆಗೆದು, ಪತ್ರ ಬಂದು ಹೋದೊಡನೆ ಸಂಪರ್ಕವನ್ನು ಕಡಿಯುವಂತೆ ಗುರುತು ಹಾಕಿದನು. ಸಂದೇಶದ ತಂತ್ರಾಂಶವು ಯಂತ್ರದೊಡನೆ ತಾನೂ ಏಳದಂತೆ ಮಾಡಿದನು. ವೈರಸ್ ನಿವಾರಕವನ್ನು ಮಾತ್ರ, "ಇದನ್ನು ನಿಲ್ಲಿಸಿ ಮರೆಯಬಾರದು ಸರ್, ಸೋಮವಾರಕ್ಕೊಮ್ಮೆ ನೀವೇ ಕೈಯಾರೆ ನವೀಕರಿಸಿ" ಎಂದು ನನ್ನ ಕೈಗೊಪ್ಪಿಸಿದನು. ಕಡೆಯಲ್ಲಿ 'ಇಂಟರ್‌ನೆಟ್ ಆಪ್ಷನ್ಸ್' ಎಂಬಲ್ಲಿಯ 'ಕನೆಕ್ಷನ್ಸ್' ಪುಟವನ್ನು ತೆರೆದು 'ನೆವರ್ ಡಯಲ್ ಎ ಕನೆಕ್ಷನ್' ಎಂಬುದನ್ನು ಆರಿಸಿದನು. ಅಂದರೆ ನಾನಾಗಿ ಸಂಪರ್ಕಿಸುವವರೆಗೆ ಯಂತ್ರವು ಸಂಖ್ಯೆಯನ್ನು ಮುಟ್ಟದು. ನಮಗೆ ತಿಳಿಯದ ದುಬಾರಿ ಸಂಖ್ಯೆಗಳಿಗೆ ಕರೆ ಮಾಡುವ ಕಳ್ಳ ತಂತ್ರಾಂಶಗಳೂ ಆಗ ಇದ್ದುದರಿಂದ, ಕೆಲಸವಿಲ್ಲದಾಗ ಮೋಡೆಮಿನ ತಂತಿಯನ್ನು ಕಳಚಿಡಲು ಹೇಳಿದನು. ಎಲ್ಲ ಸೇರಿ ಅರ್ಧ ಗಂಟೆಯ ಕೆಲಸವಾಗಿತ್ತು. ಅಂದಿನಿಂದ ಚೌಕವೂ ಬರಲಿಲ್ಲ, ತಂತಿಯೂ ಕಟ್ಟಿಕೊಳ್ಳಲಿಲ್ಲ.

ಆಗ ನನಗೆ ಪ್ರಸಾದನಿಲಯದ ದಿನಗಳ ಒಂದು ಸಂಗತಿ ನೆನಪಾಯಿತು. ಪೂಜ್ಯ ಗುರುಗಳು ಮುಂಜಾನೆಯ ಶಿವಪೂಜೆಗೆ ಕುಳಿತಾಗ ಯಾರಾದರೊಬ್ಬರು ಬಾಗಿಲು ತಟ್ಟುತ್ತಿದ್ದರು. ತಟ್ಟಬಾರದೆಂದು ಬಾಗಿಲಲ್ಲಿ ಒಬ್ಬನನ್ನು ನಿಲ್ಲಿಸೋಣವೆಂದು ಹಿರಿಯ ವಿದ್ಯಾರ್ಥಿಗಳು ಸೂಚಿಸಿದರು. ಗುರುಗಳು ಒಪ್ಪಲಿಲ್ಲ. "ಯಾರು, ಏತಕ್ಕೆ ತಟ್ಟುತ್ತಾರೆ, ಕೇಳಿಕೊಂಡು ಬನ್ನಿ" ಎಂದರು. ವಿಚಾರಿಸಿದರೆ, ಅಡಿಗೆಯವರಿಗೆ ಉಗ್ರಾಣದ ಬೀಗದಕೈ ಬೇಕು, ದನ ಕಾಯುವವನಿಗೆ ಹಿಂಡಿ ಬೇಕು. ಗುರುಗಳು ಬೀಗದಕೈಯನ್ನು ಅಡಿಗೆಯವರಿಗೇ ಕೊಟ್ಟರು; ಹಿಂಡಿಯನ್ನು ಹಿಂದಿನ ಸಂಜೆಯೇ ಅಳೆದಿಡಿಸಿದರು. ತಟ್ಟುವುದು ತಾನಾಗಿ ನಿಂತಿತು. ನಿಜವಾಗಿ ಆಪತ್ತಿನಲ್ಲಿದ್ದವನು ಬಂದು ತಟ್ಟಿದರೆ ಬಾಗಿಲು ತೆರೆಯುತ್ತಲೇ ಇತ್ತು. ಅದನ್ನು ಕಣ್ಣಾರೆ ಕಂಡಿದ್ದ ನಾನು, ಮುಪ್ಪಿನಲ್ಲಿ ಸದ್ದು ಅಡಗಿದರೆ ಸಾಕೆಂದು ಬಗೆದೆ.

ಮನಸ್ಸಿನ ವಿಷಯವೂ ಹೀಗೆಯೇ ಎಂದು ನನಗೆ ತೋರುತ್ತದೆ. ಪೂಜೆಯಲ್ಲಿ ಕುಳಿತಾಗ ಮೂಡುವ ಯೋಚನೆಗಳನ್ನು ಒಂದೊಂದಾಗಿ ತಳ್ಳುವುದು 'ಕ್ಯಾನ್ಸಲ್' ಒತ್ತಿದಂತೆ. ಅವು ಮರಳಿ ಬರುತ್ತವೆ. ಬೇಸತ್ತು ಅವು ಕರೆದಲ್ಲಿಗೆ ಹೋಗುವುದು ನಾನು ಗುರುತು ಹಾಕಿದಂತೆ. ಆಗ ಕೇಳುವ ಸದ್ದು ಇರದು, ಮನಸ್ಸಿನ ಒಡೆತನವೂ ಇರದು. ಯಾವುದು ಕೇಳುತ್ತಿದೆ, ಅದಕ್ಕೆ ಯಾವಾಗ ಅನುಮತಿ ಕೊಟ್ಟೆ ಎಂದು ಅರಿತು, ಅಲ್ಲಿಯೇ ಅದನ್ನು ಹಿಂತೆಗೆದುಕೊಳ್ಳುವುದೇ ದಾರಿ.

ಆ ಗಣಕಯಂತ್ರ ಈಗ ಇಲ್ಲ. ಅದರಲ್ಲಿದ್ದ ವಿಂಡೋಸ್ 98ಕ್ಕೆ ತಯಾರಕರ ಬೆಂಬಲವೂ 2006ರ ಜುಲೈಯಲ್ಲಿ ನಿಂತುಹೋಯಿತು. ಇಂದಿನ ಮನೆಗಳಲ್ಲಿ ಅಂತರಜಾಲವು ಹಗಲಿರುಳೂ ಇರುವುದರಿಂದ ಸಂಖ್ಯೆ ತಿರುಗಿಸುವ ಪ್ರಮೇಯವಿಲ್ಲ. ಕೇಳುವುದು ಮಾತ್ರ ನಿಂತಿಲ್ಲ. ಅದು ಕೈಯಲ್ಲಿರುವ ಮೊಬೈಲಿಗೆ ಬಂದಿದೆ. ಹೊಸದೊಂದು ಆಪ್ ಹಾಕಿಕೊಂಡೊಡನೆ ಸೂಚನೆಗಳನ್ನು ಕಳುಹಿಸಲು ಅನುಮತಿ ಬೇಡುತ್ತದೆ, ನಾವು ಓದದೆಯೇ 'ಅಲೋ' ಒತ್ತುತ್ತೇವೆ, ಅನಂತರ ದಿನವಿಡೀ ಟಿಣ್ ಎನ್ನುತ್ತದೆಂದು ಗೊಣಗುತ್ತೇವೆ. ಮೊಬೈಲಿನ 'ಸೆಟ್ಟಿಂಗ್ಸ್' ಪುಟದಲ್ಲಿ 'ನೋಟಿಫಿಕೇಷನ್ಸ್' ಎಂಬಲ್ಲಿ ಹೋಗಿ, ಯಾವುದಕ್ಕೆ ಅನುಮತಿ ಬೇಕು, ಯಾವುದಕ್ಕೆ ಬೇಡ ಎಂದು ಒಮ್ಮೆ ಕುಳಿತು ನೋಡಿದರೆ ಮುಕ್ಕಾಲು ಪಾಲು ಕಾಟ ತಪ್ಪುತ್ತದೆ.

ನಾನು ಈಗ ಪೂಜೆಗೆ ಕುಳಿತುಕೊಳ್ಳುವ ಮೊದಲು ಮೊಬೈಲನ್ನು ಮೌನಗೊಳಿಸುತ್ತೇನೆ. ಆದರೆ ಅದರಲ್ಲಿ ಕೆಲವರ ಹೆಸರುಗಳಿಗೆ ವಿನಾಯಿತಿ ಕೊಟ್ಟಿದ್ದೇನೆ. ಅವರು ಕರೆದರೆ ಆಗಲೂ ಗಂಟೆ ಬಾರಿಸುತ್ತದೆ. ಆ ಪಟ್ಟಿಯಲ್ಲಿ ಮೊದಲು ಬರೆದುಕೊಂಡ ಹೆಸರು ಅಕ್ಕನ ಮೊಮ್ಮಗನದು.